ಹಳೆಯ ಕಾರಿನ ಬ್ಯಾಟರಿ ಟ್ರೇ ತುಕ್ಕು ಹಿಡಿದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಕುಂಬಳೆಯ ಕಡೆ ಹಳೆಯ ಪದ್ಮಿನಿ, ಅಂಬಾಸಿಡರ್, ಜೀಪುಗಳನ್ನು ಮಾರದೆ ಉಳಿಸಿಕೊಂಡ ಮನೆಗಳು ಇನ್ನೂ ಇವೆ. ಅಜ್ಜ ಕೊಂಡದ್ದು, ಅಪ್ಪ ಓಡಿಸಿದ್ದು ಎಂಬ ಪ್ರೀತಿಯಿಂದ ಉಳಿದ ವಾಹನಗಳು ಅವು. ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದ ನಾನು ನಮ್ಮ ಮನೆಯ ಪದ್ಮಿನಿಯ ಬ್ಯಾಟರಿ ಟ್ರೇಯನ್ನು, ಅಂದರೆ ಬ್ಯಾಟರಿ ಕೂರುವ ತಗಡಿನ ತಟ್ಟೆಯನ್ನು, ಎರಡು ಸಲ ದುರಸ್ತಿ ಮಾಡಿಸಿದ್ದೇನೆ. ಮೊದಲ ಸಲದ ಕೆಲಸ ಎರಡು ಮಳೆಗಾಲವನ್ನೂ ಪೂರ್ತಿ ತಾಳಲಿಲ್ಲ. ಎರಡನೆಯದು ಇಂದಿಗೂ ಗಟ್ಟಿಯಾಗಿದೆ. ಅದನ್ನು ನೋಡಿದವರು, ಕೇಳಿ ತಿಳಿದವರು ಮನೆಗೆ ಬಂದು ವಿಚಾರಿಸುತ್ತಾ ಹೋದ ಪ್ರಶ್ನೆಗಳು ಇಲ್ಲಿವೆ.

ಸುತ್ತಲಿನ ತಗಡು ಗಟ್ಟಿಯಾಗಿಯೇ ಇದೆ. ಬ್ಯಾಟರಿ ಟ್ರೇ ಮಾತ್ರ ಏಕೆ ಹೀಗೆ ಕೊಳೆಯುತ್ತದೆ?

ಸುತ್ತಲಿನ ತಗಡಿಗೆ ಬೀಳುವುದು ನೀರು ಮಾತ್ರ. ಟ್ರೇಗೆ ನೀರಿನ ಜೊತೆಗೆ ಆಸಿಡ್ ಕೂಡ ಬೀಳುತ್ತದೆ. ಪೂರ್ಣ ಚಾರ್ಜ್ ಆದ ಸೀಸದ ಬ್ಯಾಟರಿಯೊಳಗಿನ ದ್ರವದಲ್ಲಿ ತೂಕದ ಲೆಕ್ಕಕ್ಕೆ ಸುಮಾರು 35 ಶೇಕಡಾ ಗಂಧಕಾಮ್ಲ ಇರುತ್ತದೆ. ಚಾರ್ಜ್ ಆಗುವಾಗ ಒಳಗೆ ಜಲಜನಕ, ಆಮ್ಲಜನಕಗಳ ಗುಳ್ಳೆಗಳು ಏಳುತ್ತವೆ. ಅವು ಒಡೆಯುವಾಗ ಆಸಿಡಿನ ಸೂಕ್ಷ್ಮ ಹನಿಗಳನ್ನು ಮುಚ್ಚಳದ ರಂಧ್ರದಿಂದ ಹೊರಗೆ ತರುತ್ತವೆ. ಆ ಹನಿಗಳು ಬ್ಯಾಟರಿಯ ಮೈಮೇಲಿಂದ ಜಾರಿ ಟ್ರೇಯ ಮೂಲೆಗಳಲ್ಲಿ ನಿಲ್ಲುತ್ತವೆ. ನೀರಾದರೆ ಆವಿಯಾಗಿ ಹೋಗುತ್ತದೆ. ಗಂಧಕಾಮ್ಲ ಹೋಗುವುದಿಲ್ಲ, ನೀರು ಆರಿದಷ್ಟೂ ಅದು ಗಾಢವಾಗುತ್ತಾ ಅಲ್ಲೇ ಉಳಿಯುತ್ತದೆ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ಇದೆ. ಆಸಿಡ್ ಕಬ್ಬಿಣವನ್ನು ತಿಂದು ಕಬ್ಬಿಣದ ಸಲ್ಫೇಟ್ ಆಗುತ್ತದೆ. ತೇವವೂ ಗಾಳಿಯೂ ಸಿಕ್ಕಿದಾಗ ಆ ಸಲ್ಫೇಟ್ ಒಡೆದು ತುಕ್ಕಾಗುತ್ತದೆ, ಜೊತೆಗೆ ಗಂಧಕಾಮ್ಲ ಮತ್ತೆ ಹುಟ್ಟುತ್ತದೆ. ಆ ಆಸಿಡ್ ಮತ್ತಷ್ಟು ಕಬ್ಬಿಣವನ್ನು ತಿನ್ನುತ್ತದೆ. ಎಂದೋ ಚೆಲ್ಲಿದ ಒಂದಿಷ್ಟು ಆಸಿಡ್ ಹೀಗೆ ವರ್ಷಗಟ್ಟಲೆ ಕೆಲಸ ಮಾಡುತ್ತಲೇ ಇರುತ್ತದೆ. ಮುಂದೆ ನಾನು ಕೊಡುವ ಬಹುತೇಕ ಉತ್ತರಗಳು ಈ ಒಂದು ಸುತ್ತಿನಿಂದಲೇ ಹೊರಡುತ್ತವೆ.

ಟರ್ಮಿನಲ್ ಮೇಲೆ ಕಟ್ಟುವ ನೀಲಿ ಹಸಿರು ಪುಡಿ ಏನು?

ನಮ್ಮೂರಿನ ಅಡಿಕೆ ಕೃಷಿಕರಿಗೆ ಅದು ಹೊಸತಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡಲು ತರುವ ಮೈಲುತುತ್ತು ಮತ್ತು ಈ ಪುಡಿಯ ನೀಲಿ ಭಾಗ ಒಂದೇ ವಸ್ತು, ತಾಮ್ರದ ಸಲ್ಫೇಟ್. ತಂತಿಯ ತಾಮ್ರಕ್ಕೆ ಆಸಿಡ್ ತಗಲಿ ಅದು ಹುಟ್ಟುತ್ತದೆ. ಅದರೊಡನೆ ಇರುವ ಬಿಳಿ ಪುಡಿ ಹೆಚ್ಚಾಗಿ ಸೀಸದ ಸಲ್ಫೇಟ್. ಅದು ವಿಷ, ಬರಿಗೈಯಿಂದ ಮುಟ್ಟಬೇಡಿ, ಊದಿ ಹಾರಿಸಬೇಡಿ.

ಮೈಲುತುತ್ತಿನ ದ್ರಾವಣವನ್ನು ಕಬ್ಬಿಣದ ಬಕೆಟಿನಲ್ಲಿ ಕದಡಬಾರದು ಎಂದು ತೋಟದಲ್ಲಿ ಹಿರಿಯರು ಹೇಳುವುದನ್ನು ನೀವು ಕೇಳಿರಬಹುದು. ದ್ರಾವಣದ ತಾಮ್ರ ಕಬ್ಬಿಣದ ಮೇಲೆ ಕೂರುತ್ತದೆ, ಅದಕ್ಕೆ ಬದಲಾಗಿ ಕಬ್ಬಿಣ ಕರಗಿ ಹೋಗುತ್ತದೆ. ಟರ್ಮಿನಲ್‌ನಿಂದ ನೀಲಿ ನೀರು ಟ್ರೇಗೆ ಇಳಿದಾಗ ಆಗುವುದೂ ಅದೇ. ಆದ್ದರಿಂದ ನೀಲಿ ಪುಡಿ ಕಂಡ ದಿನವೇ ಟ್ರೇಯನ್ನೂ ನೋಡಿ. ಹಾಗೆಯೇ ಮೈಲುತುತ್ತಿನ ಚೀಲವನ್ನು ಹಳೆಯ ಕಾರಿನ ಡಿಕ್ಕಿಯಲ್ಲಿ ತರುವ ಅಭ್ಯಾಸವಿದ್ದರೆ ದಯವಿಟ್ಟು ಬಿಟ್ಟುಬಿಡಿ.

ನಮ್ಮ ಮನೆ ಉಪ್ಪಳದಲ್ಲಿ, ಕಡಲಿಗೆ ಹತ್ತಿರ. ಉಪ್ಪುಗಾಳಿಯೇ ಕಾರಣವಲ್ಲವೇ?

ಉಪ್ಪುಗಾಳಿ ಇಡೀ ಕಾರಿಗೆ ಕಾರಣ. ಟ್ರೇ ಒಂದೇ ಹಾಳಾಗಿದ್ದರೆ ಕಾರಣ ಬ್ಯಾಟರಿಯಲ್ಲಿದೆ.

ಟ್ರೇ ಎಷ್ಟು ಹಾಳಾಗಿದೆ ಎಂದು ತಿಳಿಯುವುದು ಹೇಗೆ?

ಬ್ಯಾಟರಿಯನ್ನು ಎತ್ತಿ ಹೊರಗಿಡದೆ ತಿಳಿಯಲು ಸಾಧ್ಯವಿಲ್ಲ. ಮೇಲಿನಿಂದ ಟಾರ್ಚ್ ಬಿಟ್ಟು ನೋಡಿ ಪರವಾಗಿಲ್ಲ ಎಂದವರು ಬಹಳ ಮಂದಿ. ತುಕ್ಕು ಮೊದಲು ಹಿಡಿಯುವುದು ಬ್ಯಾಟರಿಯ ಅಡಿಯಲ್ಲಿ, ಕಣ್ಣಿಗೆ ಬೀಳದ ಜಾಗದಲ್ಲಿ.

ಬ್ಯಾಟರಿ ತೆಗೆದ ಮೇಲೆ ಪದರ ಪದರವಾಗಿ ಏಳುವ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಆಮೇಲೆ ಸ್ಕ್ರೂಡ್ರೈವರ್‌ನ ಹಿಡಿಯಿಂದ ಎಲ್ಲ ಕಡೆ ತಟ್ಟುತ್ತಾ ಹೋಗಿ. ಗಟ್ಟಿ ತಗಡು ಠಣ್ ಎನ್ನುತ್ತದೆ, ಕೊಳೆತದ್ದು ಹಪ್ಪಳ ಮುರಿದಂತೆ ಸದ್ದು ಮಾಡುತ್ತದೆ. ಸಂಶಯ ಬಂದ ಕಡೆ ಸ್ಕ್ರೂಡ್ರೈವರ್‌ನ ತುದಿಯನ್ನು ಬಲವಾಗಿ ಒತ್ತಿ. ತೂತು ಬಿದ್ದರೆ ಬೇಸರಪಡಬೇಡಿ. ಆ ತೂತು ಮೊದಲೇ ಆಗಿತ್ತು, ತುಕ್ಕು ಮುಚ್ಚಿಕೊಂಡಿತ್ತು ಅಷ್ಟೇ.

ಇನ್ನು ಕೆಳಗಿನಿಂದ ನೋಡಿ. ಟ್ರೇಯನ್ನು ಹೊರುವ ಬ್ರಾಕೆಟ್, ಅದು ಬಾಡಿಗೆ ಸೇರುವ ಅಂಚು, ಅದರ ನೇರ ಕೆಳಗಿರುವ ತಗಡು, ಬ್ರೇಕ್ ಪೈಪ್ ಹಾದುಹೋಗಿದ್ದರೆ ಅದೂ. ತೂತಾದ ಟ್ರೇಯಿಂದ ಇಳಿದ ಆಸಿಡ್ ಎಲ್ಲಿಗೆ ಹೋಗಿದೆ ಎಂಬುದನ್ನು ಬೆರಳಿನಿಂದ ಗೆರೆ ಎಳೆದ ಹಾಗೆ ಹಿಂಬಾಲಿಸಿ. ನಮ್ಮ ಕಾರಿನಲ್ಲಿ ಟ್ರೇಗಿಂತ ಒಂದು ಗೇಣು ಕೆಳಗೆ, ಎರಡು ತಗಡು ಸೇರುವ ಮಡಿಕೆಯಲ್ಲಿ ಹೆಚ್ಚು ಹಾನಿಯಾಗಿತ್ತು. ಬ್ರೇಕ್ ಪೈಪಿನ ಮೇಲೆ ಹಳ್ಳ ಬಿದ್ದ ಗುರುತು ಕಂಡರೆ ಪೈಪ್ ಬದಲಾಯಿಸುವ ತನಕ ಕಾರನ್ನು ಹೊರಗೆ ತೆಗೆಯಬೇಡಿ.

ತಂತಿ ಬಿಚ್ಚುವಾಗ ಯಾವುದು ಮೊದಲು?

ಅರ್ತ್ ತಂತಿ ಮೊದಲು, ಜೋಡಿಸುವಾಗ ಅದೇ ಕೊನೆಗೆ. ಅರ್ತ್ ಬಿಚ್ಚಿದ ಮೇಲೆ ಸ್ಪ್ಯಾನರ್ ಬಾಡಿಗೆ ತಗಲಿದರೂ ಕಿಡಿ ಹಾರುವುದಿಲ್ಲ. ಆದರೆ ಅರ್ತ್ ಎಂದರೆ ಯಾವಾಗಲೂ ಮೈನಸ್ ಎಂದು ಭಾವಿಸಬೇಡಿ. ಹಳೆಯ ಬ್ರಿಟಿಷ್ ವಿನ್ಯಾಸದ ಅನೇಕ ಕಾರುಗಳಲ್ಲಿ ಪ್ಲಸ್ ತಂತಿಯೇ ಬಾಡಿಗೆ ಸೇರಿರುತ್ತದೆ. ತಂತಿಯ ಬಣ್ಣವನ್ನು ನಂಬದೆ, ಯಾವುದು ಬಾಡಿಯ ಬೋಲ್ಟಿಗೆ ಹೋಗಿದೆ ಎಂದು ಕಣ್ಣಾರೆ ನೋಡಿ, ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ. ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ. ಬ್ಯಾಟರಿ ಹತ್ತು ಹದಿನೈದು ಕಿಲೋ ತೂಗುತ್ತದೆ. ಬಾನೆಟ್ಟಿನೊಳಗೆ ಬಾಗಿ ಒಬ್ಬರೇ ಎತ್ತುವುದಕ್ಕಿಂತ ಇನ್ನೊಬ್ಬರನ್ನು ಕರೆಯಿರಿ.

ಆಸಿಡ್ ತೊಳೆಯಲು ಅಡುಗೆ ಸೋಡಾ ಸಾಕೇ? ಎಷ್ಟು ಹಾಕಬೇಕು?

ಸಾಕು. ಅಂಗಡಿಯಲ್ಲಿ ಅಡುಗೆ ಸೋಡಾ ಎಂದರೂ ಮಲಯಾಳದಲ್ಲಿ ಅಪ್ಪಕ್ಕಾರ ಎಂದರೂ ಅದೇ ಪೊಟ್ಟಣ ಕೊಡುತ್ತಾರೆ. ಒಂದು ಲೀಟರ್ ಬೆಚ್ಚನೆಯ ನೀರಿಗೆ ಸುಮಾರು 80ರಿಂದ 100 ಗ್ರಾಂ ಕರಗಿಸಿ. ಬ್ಯಾಟರಿಯನ್ನು ಹೊರಗಿಟ್ಟ ಮೇಲೆಯೇ ಟ್ರೇಗೆ ಸುರಿಯಿರಿ. ಬ್ಯಾಟರಿಯ ಮೈಯನ್ನು ತೊಳೆಯುವುದಾದರೆ ಮುಚ್ಚಳಗಳು ಬಿಗಿಯಾಗಿರಲಿ. ಸೋಡಾ ನೀರು ಒಳಗೆ ಹೋದರೆ ಆ ಕೋಶ ಕೆಡುತ್ತದೆ.

ಸುರಿದ ಕೂಡಲೇ ನೊರೆ ಬರುತ್ತದೆ. ಅದು ಇಂಗಾಲದ ಡೈಆಕ್ಸೈಡ್, ಅಂದರೆ ಅಲ್ಲಿ ಆಸಿಡ್ ಇದೆ ಎಂಬುದಕ್ಕೆ ಸಾಕ್ಷಿ. ನೊರೆ ನಿಂತಿತೆಂದು ಕೆಲಸ ಮುಗಿಸಬೇಡಿ. ಹತ್ತು ನಿಮಿಷ ಬಿಟ್ಟು, ಮೂಲೆ ಮಡಿಕೆಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಕೆದಕಿ ಇನ್ನೊಮ್ಮೆ ಸುರಿಯಿರಿ. ಮತ್ತೆ ನೊರೆ ಬರುತ್ತದೆ. ನಾನು ಮೂರನೆಯ ಸಲವೂ ನೊರೆ ಕಂಡಿದ್ದೇನೆ. ನೊರೆ ಪೂರ್ತಿ ನಿಂತ ಬಳಿಕ ಬರಿಯ ನೀರಿನಿಂದ ಚೆನ್ನಾಗಿ ತೊಳೆಯುವುದೂ ಅಷ್ಟೇ ಅಗತ್ಯ. ಸೋಡಾದ ಉಪ್ಪು ಬಣ್ಣದ ಅಡಿಯಲ್ಲಿ ಉಳಿದರೆ ಅದು ತೇವವನ್ನು ಎಳೆದುಕೊಂಡು ಗುಳ್ಳೆ ಎಬ್ಬಿಸುತ್ತದೆ.

ಖಚಿತ ಮಾಡಿಕೊಳ್ಳಲು ನೀಲಿ ಲಿಟ್ಮಸ್ ಕಾಗದ ಒದ್ದೆ ಮಾಡಿ ಮಡಿಕೆಗೆ ಒತ್ತಿ ನೋಡಿ. ಕೆಂಪಾದರೆ ಆಸಿಡ್ ಇನ್ನೂ ಇದೆ. ಕಾಗದ ಸಿಗದಿದ್ದರೆ ಅಂಗಳದ ಕೆಂಪು ದಾಸವಾಳದ ಎಸಳುಗಳನ್ನು ಬಿಸಿನೀರಿನಲ್ಲಿ ನೆನೆಸಿ ಆ ನೀರನ್ನು ಬಿಳಿ ಬಟ್ಟೆಗೆ ಹೀರಿಸಿ ಒತ್ತಬಹುದು. ಆಸಿಡ್ ಇದ್ದರೆ ಗಾಢ ಗುಲಾಬಿ, ಸೋಡಾ ಉಳಿದಿದ್ದರೆ ಹಸಿರು ಛಾಯೆ. ತರಗತಿಯಲ್ಲಿ ಎಷ್ಟೋ ವರ್ಷ ಮಕ್ಕಳಿಗೆ ಮಾಡಿ ತೋರಿಸಿದ ಈ ಪ್ರಯೋಗ ಮನೆಯ ಕಾರಿಗೆ ಒದಗಿದಾಗ ನನಗೆ ಬಹಳ ಸಂತೋಷವಾಯಿತು.

ತೋಟಕ್ಕೆ ತಂದ ಸುಣ್ಣ ಮನೆಯಲ್ಲಿದೆ. ಸೋಡಾದ ಬದಲು ಅದನ್ನು ಬಳಸಬಹುದೇ?

ಸುಣ್ಣ ಆಸಿಡನ್ನು ಖಂಡಿತ ಶಮನ ಮಾಡುತ್ತದೆ. ತೊಂದರೆ ಆಮೇಲೆ. ಸುಣ್ಣವೂ ಗಂಧಕಾಮ್ಲವೂ ಸೇರಿ ಜಿಪ್ಸಂ ಆಗುತ್ತದೆ, ಅದು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ತಗಡಿನ ಮಡಿಕೆಯಲ್ಲಿ ಹಿಟ್ಟಿನಂತೆ ಕೂತು ಒದ್ದೆಯನ್ನು ಹಿಡಿದಿಡುತ್ತದೆ. ಸೋಡಾದಿಂದ ಆಗುವ ಸೋಡಿಯಂ ಸಲ್ಫೇಟ್ ನೀರಿನಲ್ಲಿ ಕರಗಿ ಹರಿದುಹೋಗುತ್ತದೆ. ನೆಲಕ್ಕೆ ಆಸಿಡ್ ಚೆಲ್ಲಿದರೆ ಸುಣ್ಣ ಎರಚಿ, ಕಾರಿಗೆ ಬೇಡ.

ತುಕ್ಕು ಪರಿವರ್ತಿಸುವ ದ್ರಾವಣ ಹಚ್ಚಿ ಮೇಲೆ ಕಪ್ಪು ಬಣ್ಣ ಬಳಿದರೆ ಸಾಲದೇ?

ತಗಡಿನ ದಪ್ಪ ಹಾಗೆಯೇ ಇದ್ದು ಮೇಲ್ಮೈಗೆ ಮಾತ್ರ ತುಕ್ಕು ಬಂದಿದ್ದರೆ ಸಾಕು. ಅಂಥ ದ್ರಾವಣಗಳಲ್ಲಿ ಸಾಮಾನ್ಯವಾಗಿ ಫಾಸ್ಫರಿಕ್ ಆಮ್ಲ ಇರುತ್ತದೆ. ಅದು ತೆಳುವಾದ ತುಕ್ಕನ್ನು ಕಬ್ಬಿಣದ ಫಾಸ್ಫೇಟ್ ಮಾಡುತ್ತದೆ, ಬಣ್ಣ ಹಿಡಿಯಲು ಒಳ್ಳೆಯ ನೆಲೆ ಕೊಡುತ್ತದೆ. ದಪ್ಪ ಪದರದ ಒಳಗೆ ಅದು ಇಳಿಯುವುದಿಲ್ಲ. ಮೊದಲೇ ಹೇಳಿದ ಸಲ್ಫೇಟನ್ನು ತೊಳೆದು ತೆಗೆಯುವ ಶಕ್ತಿಯೂ ಅದಕ್ಕಿಲ್ಲ. ಆದ್ದರಿಂದ ಸೋಡಾ, ನೀರು, ಒಣಗಿಸುವುದು, ಆಮೇಲೆ ಈ ದ್ರಾವಣ. ಕ್ರಮ ತಪ್ಪಿಸಬೇಡಿ.

ತೂತುಗಳಿಗೆ ಎಂ-ಸೀಲ್ ಅಥವಾ ಪುಟ್ಟಿ ಮೆತ್ತಿದರೆ ಏನಾಗುತ್ತದೆ?

ನಮ್ಮ ಕಾರಿಗೆ ಆದದ್ದನ್ನು ಹೇಳುತ್ತೇನೆ. ಮೊದಲ ದುರಸ್ತಿಯನ್ನು ಒಂದು ಗ್ಯಾರೇಜಿಗೆ ವಹಿಸಿ ನಾನು ಶಾಲೆಗೆ ಹೋಗಿದ್ದೆ. ಸಂಜೆ ಬಂದಾಗ ಟ್ರೇ ಹೊಳೆಯುತ್ತಿತ್ತು. ತುಕ್ಕಿನ ಮೇಲೆಯೇ ಪುಟ್ಟಿ ಮೆತ್ತಿ, ಉಪ್ಪುಕಾಗದದಿಂದ ನಯ ಮಾಡಿ, ಕಪ್ಪು ಬಣ್ಣ ಹೊಡೆದಿದ್ದರು. ಕೇಳಿದ ಹಣವನ್ನು ಕೊಟ್ಟು ಕೃತಜ್ಞತೆಯನ್ನೂ ಹೇಳಿ ಕಾರು ತಂದೆ. ಎರಡನೆಯ ವರ್ಷದ ಆಟಿ ತಿಂಗಳ ಜಡಿಮಳೆಯಲ್ಲಿ, ಹೊಂಡ ಬಿದ್ದ ರಸ್ತೆಯಲ್ಲಿ ಹೆಂಡತಿ ಮತ್ತು ಮೊಮ್ಮಗನೊಡನೆ ಬರುತ್ತಿದ್ದಾಗ ದಡ್ ಎಂಬ ಸದ್ದಾಗಿ ಎಂಜಿನ್ ನಿಂತಿತು. ಬಾನೆಟ್ ಎತ್ತಿದರೆ ಬ್ಯಾಟರಿ ಅಡ್ಡ ಬಿದ್ದು ತಂತಿಯಲ್ಲಿ ನೇತಾಡುತ್ತಿತ್ತು. ಪುಟ್ಟಿ ದೋಸೆಯಂತೆ ಇಡಿಯಾಗಿ ಎದ್ದು ಬಂದಿತ್ತು. ಪ್ಲಸ್ ಟರ್ಮಿನಲ್ ಬಾಡಿಗೆ ಎರಡು ಬೆರಳಿನಷ್ಟು ದೂರದಲ್ಲಿತ್ತು. ತಗಲಿದ್ದರೆ ಬೆಂಕಿ ಹೊತ್ತಿಕೊಳ್ಳುತ್ತಿತ್ತು. ಹಿಂದಿನ ಸೀಟಿನಲ್ಲಿದ್ದ ಆ ಮಗುವಿನ ಮುಖ ನೆನಪಾದಾಗ ಈಗಲೂ ಎದೆ ನಡುಗುತ್ತದೆ.

ಪುಟ್ಟಿ ಬಾಡಿಯ ತಗ್ಗು ತುಂಬಲು ಇರುವ ವಸ್ತು. ಅದು ಭಾರ ಹೊರುವುದಿಲ್ಲ, ಅದರಡಿಯ ತುಕ್ಕು ನಿಲ್ಲುವುದೂ ಇಲ್ಲ. ಎಂ-ಸೀಲ್‌ನಂಥ ಎಪಾಕ್ಸಿಯೂ ತುಕ್ಕಿನ ಮೇಲೆ ಹಾಕಿದರೆ ತುಕ್ಕಿನೊಡನೆಯೇ ಕಳಚುತ್ತದೆ. ಶುದ್ಧ ತಗಡಿನಲ್ಲಿ ಒಂದೆರಡು ಸೂಜಿ ತೂತು ಇದ್ದರೆ ಎಪಾಕ್ಸಿ ನಿಲ್ಲಬಹುದು. ಅದಕ್ಕಿಂತ ಹೆಚ್ಚಿನ ಯಾವುದಕ್ಕೂ ನಾನು ಒಪ್ಪುವುದಿಲ್ಲ.

ಹಾಗಾದರೆ ತುಂಡು ಹಾಕಿಸುವುದೋ, ಪೂರ್ತಿ ಬದಲಾಯಿಸುವುದೋ?

ತಳದ ನಡುಭಾಗದಲ್ಲಿ ಒಂದು ಕಡೆ ಮಾತ್ರ ಕೊಳೆತಿದ್ದು, ಅಂಚುಗಳೂ ಬ್ರಾಕೆಟ್ಟೂ ಕ್ಲಾಂಪ್ ಬೋಲ್ಟ್ ಕೂರುವ ಕಿವಿಯೂ ಗಟ್ಟಿಯಾಗಿದ್ದರೆ ತುಂಡು ಹಾಕಿಸಿ. ಕೊಳೆತ ಭಾಗವನ್ನು ಬೆಳ್ಳಗೆ ಹೊಳೆಯುವ ತಗಡು ಸಿಗುವ ತನಕ ಕತ್ತರಿಸಬೇಕು. ಹಳೆಯದರ ಮೇಲೆ ಹೊಸ ತುಂಡು ಹೊದಿಸಿ ಸುತ್ತ ವೆಲ್ಡಿಂಗ್ ಮಾಡಿದರೆ ಎರಡು ತಗಡುಗಳ ನಡುವೆ ಆಸಿಡಿಗೆ ಒಂದು ಹೊಸ ಮನೆ ಕಟ್ಟಿಕೊಟ್ಟಂತೆ. ಮೂಲೆ ಅಂಚುಗಳು ಹೋಗಿದ್ದರೆ ಪೂರ್ತಿ ಬದಲಾಯಿಸುವುದೇ ಒಳ್ಳೆಯದು, ಅದಕ್ಕೆ ಶ್ರಮವೂ ಕಡಿಮೆ. ಹಾನಿ ಟ್ರೇಯನ್ನು ದಾಟಿ ಮಡ್‌ಗಾರ್ಡಿನ ಒಳತಗಡಿಗೋ ಚಾಸಿಗೆ ಸೇರುವ ಭಾಗಕ್ಕೋ ಹೋಗಿದ್ದರೆ ಅದು ಮನೆಯಲ್ಲಿ ಮಾಡುವ ಕೆಲಸವಲ್ಲ, ಅನುಭವವಿರುವ ಟಿಂಕರಿಂಗ್ ಮೇಸ್ತ್ರಿಗೆ ತೋರಿಸಿ.

ಹೊಸ ಟ್ರೇ ಎಲ್ಲಿ ಸಿಗುತ್ತದೆ?

ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು, ಪದ್ಮಿನಿಯದು ಅದಕ್ಕೂ ಒಂದು ದಶಕಕ್ಕಿಂತ ಮೊದಲೇ. ಮಂಗಳೂರು ಬಂದರಿನ ಕಡೆಯ ಹಳೆ ಸಾಮಾನಿನ ಅಂಗಡಿಗಳಲ್ಲಿ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಬಹುದು. ಗುಜರಿ ಕಾರಿನಿಂದ ಕತ್ತರಿಸಿದ ಟ್ರೇ ಸಿಕ್ಕರೂ ಅದು ನಿಮ್ಮದಷ್ಟೇ ಕೊಳೆತಿರುವ ಸಾಧ್ಯತೆ ಹೆಚ್ಚು, ಅದೂ ಹತ್ತಾರು ವರ್ಷ ಆಸಿಡ್ ಕುಡಿದದ್ದೇ ತಾನೆ. ಮಾಡಿಸುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಮೋರಿಸ್ ಮೈನರ್‌ನಂಥ ಬ್ರಿಟಿಷ್ ಕಾರು ಇರುವವರಿಗೆ ಮಾತ್ರ ವಿದೇಶದಿಂದ ಹೊಸದಾಗಿ ತಯಾರಿಸಿದ ಭಾಗ ತರಿಸುವ ದಾರಿ ಇದೆ.

ಮಾಡಿಸುವುದಾದರೆ ಯಾವ ತಗಡು, ಹೇಗೆ?

18 ಗೇಜ್, ಅಂದರೆ ಸುಮಾರು 1.2 ಮಿಲಿಮೀಟರ್ ದಪ್ಪದ ಸಿಆರ್ (ಕೋಲ್ಡ್ ರೋಲ್ಡ್) ತಗಡು ತನ್ನಿ. 20 ಗೇಜ್ ಕೂಡ ಹೊರುತ್ತದೆ, ಆದರೆ ನಮ್ಮ ರಸ್ತೆಗಳಿಗೆ 18 ನೆಮ್ಮದಿ. ಛಾವಣಿಗೆ ಹಾಕುವ ಸತು ಲೇಪದ ತಗಡು ತುಕ್ಕು ಹಿಡಿಯುವುದಿಲ್ಲ ಎಂದು ಅದನ್ನು ಆರಿಸುವವರಿದ್ದಾರೆ. ಸತು ಮಳೆಯನ್ನು ತಡೆಯುತ್ತದೆ. ಗಂಧಕಾಮ್ಲಕ್ಕೆ ತಗಲಿದರೆ ಕಬ್ಬಿಣಕ್ಕಿಂತ ಬೇಗ ಕರಗುತ್ತದೆ. ಜೊತೆಗೆ ಅದನ್ನು ವೆಲ್ಡ್ ಮಾಡುವಾಗ ಏಳುವ ಬಿಳಿ ಹೊಗೆ ಕುಡಿದವರಿಗೆ ಸಂಜೆ ಚಳಿಜ್ವರ ಬರುತ್ತದೆ.

ಹಳೆಯ ಟ್ರೇಯನ್ನು ಬಿಚ್ಚುವ ಮೊದಲೇ ರಟ್ಟಿನಲ್ಲಿ ಅಳತೆ ತೆಗೆಯಿರಿ. ಬ್ಯಾಟರಿ ಕೂರುವ ಎತ್ತರ, ಬಾನೆಟ್ ಮುಚ್ಚಿದಾಗ ಟರ್ಮಿನಲ್ ಮೇಲೆ ಉಳಿಯುವ ಜಾಗ, ಕ್ಲಾಂಪಿನ ತೂತುಗಳ ದೂರ, ಇವನ್ನು ಬರೆದಿಡಿ. ಬಾನೆಟ್ಟಿಗೆ ಟರ್ಮಿನಲ್ ತಗಲುವಷ್ಟು ಎತ್ತರದ ಟ್ರೇ ಮಾಡಿದರೆ ಮೊದಲ ಹೊಂಡದಲ್ಲೇ ಅನಾಹುತ. ಕಾರ್ಖಾನೆಯಲ್ಲಿ ಟ್ರೇಯನ್ನು ಸ್ಪಾಟ್ ವೆಲ್ಡಿಂಗ್‌ನಿಂದ ಸೇರಿಸಿದ್ದರೆ ಆ ದುಂಡು ಗುರುತುಗಳನ್ನು 8 ಮಿಲಿಮೀಟರ್ ಬಿಟ್‌ನಿಂದ ಮೇಲಿನ ತಗಡಿನ ಆಳಕ್ಕೆ ಮಾತ್ರ ಕೊರೆದು ಬಿಡಿಸಬೇಕು. ಗ್ಯಾಸ್ ಕಟ್ಟರ್ ಹಿಡಿಯಲು ಬಿಡಬೇಡಿ, ಕೆಳಗಿನ ಒಳ್ಳೆಯ ತಗಡು ಸೊಟ್ಟಗಾಗುತ್ತದೆ. ಹೊಸ ಟ್ರೇಯ ಅಂಚಿನಲ್ಲಿ 6 ಮಿಲಿಮೀಟರ್ ತೂತು ಕೊರೆದು, ಆ ತೂತುಗಳನ್ನು ಸಿಒಟು (CO2 ಅನಿಲದ) ವೆಲ್ಡಿಂಗ್‌ನಿಂದ ತುಂಬಿದರೆ ಹಳೆಯ ಸ್ಪಾಟ್‌ನಷ್ಟೇ ಗಟ್ಟಿ.

ತಳದ ಅತಿ ತಗ್ಗಿನ ಮೂಲೆಯಲ್ಲಿ ನೀರು ಹರಿಯುವ ತೂತು ಇರಲೇಬೇಕು. ಅದಕ್ಕೆ ಒಂದು ಪ್ಲಾಸ್ಟಿಕ್ ನಳಿಗೆ ಸೇರಿಸಿ ಬಾಡಿಯ ಯಾವ ತಗಡಿಗೂ ತಗಲದಂತೆ ನೇರವಾಗಿ ರಸ್ತೆಗೆ ಬಿಡಿ. ನಮ್ಮ ಮೇಸ್ತ್ರಿಗೆ ಇದು ಅನಗತ್ಯ ಎನಿಸಿತ್ತು. "ಮೇಸ್ಟ್ರೇ, ಕಂಪೆನಿಯವರೇ ಕೊಡದ್ದು ನಮಗೇಕೆ?" ಎಂದರು. ಕೆಳಗಿನ ಮಡಿಕೆಯ ಕೊಳೆತ ಭಾಗವನ್ನು ತೋರಿಸಿದ ಮೇಲೆ ಅವರೇ ನಳಿಗೆ ಹುಡುಕಿ ತಂದರು. ಈಗ ಬೇರೆ ಕಾರುಗಳಿಗೂ ಹಾಕುತ್ತಾರೆ.

ಸ್ಟೇನ್‌ಲೆಸ್ ಸ್ಟೀಲ್ ಹಾಕಿದರೆ ಶಾಶ್ವತವಲ್ಲವೇ?

ಅಡುಗೆಮನೆಯಲ್ಲಿ ಬಳಸುವ ಸ್ಟೀಲ್ ಹುಳಿಗೆ ತಡೆಯುತ್ತದೆ, ಬ್ಯಾಟರಿಯ ಸಾಂದ್ರತೆಯ ಗಂಧಕಾಮ್ಲಕ್ಕೆ ತಡೆಯುವುದಿಲ್ಲ. ಅದಕ್ಕೆ ಸೇರಿಕೊಂಡ ಸಾದಾ ಕಬ್ಬಿಣ ಒದ್ದೆಯಾದಾಗ ಇನ್ನೂ ಬೇಗ ತುಕ್ಕು ಹಿಡಿಯುವ ಅಪಾಯವೂ ಇದೆ. ಬೇಡ.

ವೆಲ್ಡಿಂಗ್ ಮಾಡಿಸುವಾಗ ಏನನ್ನು ಗಮನಿಸಬೇಕು?

ಬ್ಯಾಟರಿಯನ್ನು ಕಾರಿನ ಹತ್ತಿರ ನೆಲದ ಮೇಲಿಟ್ಟರೆ ಸಾಲದು; ಶೆಡ್ಡಿನಿಂದ ಹೊರಗೆ ಗಾಳಿಯಾಡುವ ಕಡೆ ಇಡಿ. ಗಾಳಿಯಲ್ಲಿ ಜಲಜನಕ 4 ಶೇಕಡಾ ದಾಟಿದರೆ ಗ್ರೈಂಡರಿನ ಒಂದು ಕಿಡಿಗೆ ಸಿಡಿಯುತ್ತದೆ. ಎಂಜಿನ್ ಬದಿಯಲ್ಲೇ ಪೆಟ್ರೋಲ್ ಪಂಪು, ಕಾರ್ಬುರೇಟರ್ ಇರುವ ಕಾರುಗಳಲ್ಲಿ ಪೆಟ್ರೋಲ್ ಪೈಪ್ ಕಳಚಿ ಬಾಯಿ ಮುಚ್ಚಿಸಿ. ವೈರಿಂಗ್ ಕಟ್ಟನ್ನು ಸರಿಸಿ ಒದ್ದೆ ಗೋಣಿ ಹೊದಿಸಿ. ಡೈನಮೋ ತೆಗೆದು ಆಲ್ಟರ್‌ನೇಟರ್ ಹಾಕಿಸಿದ್ದರೆ ಅದರ ತಂತಿಯನ್ನೂ ಬಿಚ್ಚಿ. ನೀರು ತುಂಬಿದ ಬಕೆಟ್ ಪಕ್ಕದಲ್ಲಿರಲಿ, ಪೆಟ್ರೋಲಿಗಾಗಿ ಒಣ ಮರಳೂ ಇರಲಿ.

ಬಣ್ಣ ಯಾವುದು? ಮಳೆಗಾಲದಲ್ಲಿ ಮಾಡಬಹುದೇ?

ಪತ್ತನಾಜೆಗೆ, ಅಂದರೆ ಮಳೆಗಾಲ ಹತ್ತಿರವಾಗುವ ಮೇ ಕೊನೆಯ ಆ ತುಳು ಹಬ್ಬದ ದಿನಕ್ಕೆ, ಮೊದಲು ಮುಗಿಸಿಕೊಳ್ಳಿ. ಮೇ ತಿಂಗಳ ಕೊನೆಯ ಬಳಿಕ ಇಲ್ಲಿ ತೊಳೆದ ತಗಡು ಕಣ್ಣೆದುರೇ ಕೆಂಪಾಗುತ್ತದೆ, ಕಾಣದ ತೇವದ ಮೇಲೆ ಬಣ್ಣ ಕೂರುತ್ತದೆ. ಡಿಸೆಂಬರಿನಿಂದ ಮಾರ್ಚ್ ಒಳ್ಳೆಯ ಕಾಲ.

ರೆಡ್ ಆಕ್ಸೈಡ್ ಗೇಟಿಗೆ ಸಾಕು. ಇಲ್ಲಿಗೆ ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಪ್ರೈಮರ್ ಹಾಕಿಸಿ. ಟ್ರೇಯ ಅಡಿಭಾಗಕ್ಕೂ ಬ್ರಾಕೆಟ್ಟಿನ ಒಳಬದಿಗೂ ಜೋಡಿಸುವ ಮೊದಲೇ ಬಳಿಯಬೇಕು, ಆಮೇಲೆ ಬ್ರಷ್ ತಲುಪುವುದಿಲ್ಲ. ವೆಲ್ಡಿಂಗ್ ಆದ ಅಂಚುಗಳಿಗೆ ಸೀಮ್ ಸೀಲರ್ ಎಳೆದು, ಮೇಲೆ ಮತ್ತೆ ಬಣ್ಣ. ಡಬ್ಬಿಯ ಮೇಲೆ ಬರೆದಷ್ಟು ದಿನ ಒಣಗಲು ಬಿಟ್ಟು ಆಮೇಲೆ ಬ್ಯಾಟರಿ ಇಡಿ.

ಮತ್ತೆ ಹೀಗಾಗದಂತೆ ಏನು ಮಾಡಬೇಕು?

ಆಸಿಡ್ ಏಕೆ ಹೊರಬಂತು ಎಂಬುದನ್ನು ಹುಡುಕದೆ ಹೊಸ ಟ್ರೇ ಕೂರಿಸಬೇಡಿ. ಮಲ್ಟಿಮೀಟರ್ ತಂದು, ಎಂಜಿನ್ ಸ್ವಲ್ಪ ವೇಗವಾಗಿ ಓಡುತ್ತಿರುವಾಗ 12 ವೋಲ್ಟ್ ಬ್ಯಾಟರಿಯ ಎರಡು ಟರ್ಮಿನಲ್‌ಗಳ ನಡುವೆ ಅಳೆಯಿರಿ. 13.8ರಿಂದ 14.4 ವೋಲ್ಟ್ ಸರಿ. 14.8 ದಾಟಿದರೆ ಬ್ಯಾಟರಿ ಕುದಿಯುತ್ತಿದೆ, ಚಾರ್ಜನ್ನು ಹತೋಟಿಯಲ್ಲಿಡುವ ಕಟೌಟ್ ಅಥವಾ ರೆಗ್ಯುಲೇಟರ್ ಸರಿಪಡಿಸಬೇಕು. ನಮ್ಮ ಪದ್ಮಿನಿಯಲ್ಲಿ 15.3 ತೋರಿಸಿತು. ಪದೇ ಪದೇ ಡಿಸ್ಟಿಲ್ಡ್ ವಾಟರ್ ಹಾಕಬೇಕಾಗುತ್ತಿತ್ತು, ಬಿಸಿಲಿನ ಕಾರಣ ಎಂದು ಅಷ್ಟು ವರ್ಷ ನಂಬಿದ್ದೆ. ಬ್ಯಾಟರಿ ನೀರು ಕುಡಿಯುವುದು ಟ್ರೇ ಕೊಳೆಯುವುದಕ್ಕೆ ಮೊದಲ ಮುನ್ಸೂಚನೆ ಎಂದು ಅಂದು ತಿಳಿಯಿತು.

ಡಿಸ್ಟಿಲ್ಡ್ ವಾಟರ್ ಹಾಕುವಾಗ ಗಂಟಲಿನವರೆಗೆ ತುಂಬಬೇಡಿ. ಚಾರ್ಜ್ ಆಗುವಾಗ ದ್ರವ ಉಬ್ಬಿ ಹೊರಚೆಲ್ಲುತ್ತದೆ. ಪ್ಲೇಟುಗಳು ಮುಳುಗಿರುವಷ್ಟು ಸಾಕು, ಉಳಿದದ್ದನ್ನು ಚಾರ್ಜ್ ಆದ ಬಳಿಕ ತುಂಬಿ. ಕ್ಲಾಂಪ್ ಕೈಯಿಂದ ಅಲುಗಿಸಿದರೆ ಬ್ಯಾಟರಿ ಅಲುಗದಷ್ಟು ಬಿಗಿ ಇರಲಿ, ಅದಕ್ಕಿಂತ ಬಿಗಿದರೆ ಡಬ್ಬಿ ಬಿರುಕು ಬಿಡುತ್ತದೆ.

ಟ್ರೇಯೊಳಗೆ ಒಂದು ಪ್ಲಾಸ್ಟಿಕ್ ತಟ್ಟೆ ಇಡಿ. ರಬ್ಬರ್ ಹಾಲು ಹೆಪ್ಪುಗಟ್ಟಿಸಲು ಆಸಿಡ್ ಬರುವ ದಪ್ಪ ಪ್ಲಾಸ್ಟಿಕ್ ಕ್ಯಾನ್ ನಿಮ್ಮ ಕೊಟ್ಟಿಗೆಯಲ್ಲಿ ಇರಬಹುದು. ಚೆನ್ನಾಗಿ ತೊಳೆದು ಬುಡದಿಂದ ನಾಲ್ಕು ಬೆರಳು ಎತ್ತರಕ್ಕೆ ಕತ್ತರಿಸಿದರೆ, ಅಳತೆ ಹೊಂದಿದಲ್ಲಿ, ಅದಕ್ಕಿಂತ ಒಳ್ಳೆಯ ತಟ್ಟೆ ಬೇಕಿಲ್ಲ. ಆ ಪ್ಲಾಸ್ಟಿಕ್ಕಿಗೆ ಬ್ಯಾಟರಿ ಆಸಿಡ್ ಏನೂ ಮಾಡುವುದಿಲ್ಲ. ಗೋಣಿ, ಕಾರ್ಪೆಟ್, ತೆಂಗಿನ ನಾರಿನ ಚಾಪೆ ಇಡಬೇಡಿ. ಅವು ಆಸಿಡ್ ಹೀರಿ ಹಿಡಿದಿಡುತ್ತವೆ. ತಿಂಗಳುಗಟ್ಟಲೆ ನಿಲ್ಲಿಸಿದ ಕಾರಿನಲ್ಲಿ ಇಲಿಗಳು ನಾರು ತಂದು ಗೂಡು ಕಟ್ಟುವ ಜಾಗವೂ ಇದೇ. ತಿಂಗಳಿಗೊಮ್ಮೆ ಬಾನೆಟ್ ಎತ್ತಿ ನೋಡಿ.

ಟರ್ಮಿನಲ್‌ಗೆ ತೆಂಗಿನೆಣ್ಣೆ ಹಚ್ಚುತ್ತೇವೆ, ಸರಿಯೇ?

ತೆಂಗಿನೆಣ್ಣೆ ಹಳತಾದಾಗ ಅದರಲ್ಲಿ ಆಮ್ಲ ಹುಟ್ಟಿ ತಾಮ್ರವನ್ನು ಹಸಿರಾಗಿಸುತ್ತದೆ. ವ್ಯಾಸಲಿನ್ ಹಚ್ಚಿ, ಕ್ಲಾಂಪ್ ಬಿಗಿದ ಮೇಲೆ ಹೊರಗಿನಿಂದ. ತಂಪು ಪಾನೀಯ ಸುರಿಯುವ ಪದ್ಧತಿಯೂ ಬೇಡ, ಅದು ಸ್ವತಃ ಆಮ್ಲ, ಮೇಲೆ ಸಕ್ಕರೆಯ ಅಂಟು.

ಬೀಟಲ್ ಕಾರಿನಲ್ಲಿ ಬ್ಯಾಟರಿ ಸೀಟಿನ ಅಡಿಯಲ್ಲಿದೆ. ಇದೇ ಕ್ರಮವೇ?

ತೊಳೆಯುವ ಕ್ರಮ ಇದೇ. ಆದರೆ ಅಲ್ಲಿ ಟ್ರೇ ಎಂದರೆ ಕಾರಿನ ನೆಲವೇ, ಹಿಂದಿನ ಸೀಟಿನ ಬಲಭಾಗದ ಅಡಿಯಲ್ಲಿ. ನೆಲದ ತಗಡನ್ನೇ ಕತ್ತರಿಸಬೇಕಾಗುವುದರಿಂದ ಅನುಭವಿಗಳೇ ಮಾಡಬೇಕು. ಸೀಟಿನ ಸ್ಪ್ರಿಂಗ್ ಟರ್ಮಿನಲ್‌ಗೆ ತಗಲಿ ಬೆಂಕಿ ಹತ್ತುವುದು ಆ ಕಾರಿನ ಹಳೆಯ ಅಪಾಯ. ಬ್ಯಾಟರಿಯ ಮೇಲೆ ಮುಚ್ಚಳ ಇಲ್ಲದೆ ಯಾರನ್ನೂ ಆ ಸೀಟಿನಲ್ಲಿ ಕೂರಿಸಬೇಡಿ.

ಟ್ರೇ ಬದಲಾಯಿಸಿದರೆ ಆರ್‌ಸಿಗೆ ತೊಂದರೆಯೇ?

15 ವರ್ಷ ದಾಟಿದ ಕಾರಿನ ನೋಂದಣಿ ಐದೈದು ವರ್ಷಕ್ಕೆ ನವೀಕರಣವಾಗುವಾಗ ವಾಹನ ತಪಾಸಣೆ ಇರುತ್ತದೆ. ಗಟ್ಟಿಯಾಗಿ ಕೂತ ಬ್ಯಾಟರಿ ಅಲ್ಲಿ ನಿಮಗೆ ಅನುಕೂಲವೇ. 50 ವರ್ಷ ಮೀರಿದ ವಾಹನಗಳಿಗೆ 2021ರಲ್ಲಿ ಬಂದ ವಿಂಟೇಜ್ ನೋಂದಣಿಯ ನಿಯಮ ಮೂಲರೂಪ ಉಳಿದಿರಬೇಕೆನ್ನುತ್ತದೆ. ಆ ಆಸೆ ಇದ್ದರೆ ಟ್ರೇಯನ್ನು ಹಳೆಯ ಆಕಾರದಲ್ಲೇ, ಹಳೆಯ ಜಾಗದಲ್ಲೇ ಮಾಡಿಸಿ. ದುರಸ್ತಿಗೆ ಮೊದಲು ಮತ್ತು ಬಳಿಕದ ಫೋಟೋ ಇಟ್ಟುಕೊಳ್ಳಿ.

ತೊಳೆದ ನೀರನ್ನು ತೋಟಕ್ಕೆ ಬಿಡಬಹುದೇ?

ದಯವಿಟ್ಟು ಬಿಡಬೇಡಿ. ಸೋಡಾ ಆಸಿಡನ್ನು ಶಮನ ಮಾಡುತ್ತದೆ, ಸೀಸವನ್ನು ಇಲ್ಲವಾಗಿಸುವುದಿಲ್ಲ. ನಮ್ಮ ಮುರಕಲ್ಲಿನ ನೆಲದಲ್ಲಿ ಸುರಿದ ನೀರು ಬಹುಬೇಗ ಕೆಳಗಿಳಿಯುತ್ತದೆ. ಕುಡಿಯುವ ನೀರು ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಿಂದಲೋ ಬಾವಿಯಿಂದಲೋ ಬರುವ ಮನೆಗಳು ನಮ್ಮವು. ಎಂಡೋಸಲ್ಫಾನ್ ಕೀಟನಾಶಕದ ದುರಂತ ಕಂಡ ಜಿಲ್ಲೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಬಿಳಿ ಪುಡಿಯನ್ನು ಮೊದಲೇ ಒದ್ದೆ ಬಟ್ಟೆಯಿಂದ ಒರೆಸಿ ತೆಗೆದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ. ಕಾರಿನಡಿಗೆ ಅಗಲವಾದ ಪ್ಲಾಸ್ಟಿಕ್ ಬೋಗುಣಿ ಇಟ್ಟು ತೊಳೆದ ನೀರನ್ನು ಹಿಡಿಯಿರಿ, ಗಷ್ಟು ತಳ ಸೇರಿದ ಮೇಲೆ ಅದನ್ನೂ ಅದೇ ಚೀಲಕ್ಕೆ ಸೇರಿಸಿ. ಹಳೆಯ ಬ್ಯಾಟರಿಯನ್ನು ಹೊಸದು ಕೊಳ್ಳುವ ಅಂಗಡಿಗೇ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಅದು ಮನೆಯ ಕಸದೊಡನೆ ಹೋಗಬಾರದು. ಆ ಚೀಲವನ್ನೂ ಜೊತೆಗೇ ಒಯ್ದು ಅವರಲ್ಲಿ ಕೇಳಿ.

ಕತ್ತರಿಸಿ ತೆಗೆದ ಹಳೆಯ ಟ್ರೇಯನ್ನು ಗುಜರಿಗೆ ಹಾಕಲೇ?

ಹಾಕಬೇಡಿ. ಸೋಡಾ ನೀರಿನಲ್ಲಿ ಒಂದು ರಾತ್ರಿ ಮುಳುಗಿಸಿ, ತೊಳೆದು, ಬಿಸಿಲಿಗೆ ಒಣಗಿಸಿ, ಎಣ್ಣೆ ಸವರಿ ಅಟ್ಟದಲ್ಲಿಡಿ. ಎಷ್ಟೇ ತೂತಾಗಿದ್ದರೂ ಅದರ ಮಡಿಕೆಗಳೂ ಬೋಲ್ಟಿನ ಜಾಗಗಳೂ ಕಾರ್ಖಾನೆಯ ಅಳತೆಯವು. ನಮ್ಮ ಹಳೆಯ ಟ್ರೇಯನ್ನು ಇದುವರೆಗೆ ಮೂವರು ಒಯ್ದು, ರಟ್ಟು ಕತ್ತರಿಸಿಕೊಂಡು, ಜೋಪಾನವಾಗಿ ತಂದು ಕೊಟ್ಟಿದ್ದಾರೆ. ಸದ್ಯ ಅದು ಪೆರ್ಲದಲ್ಲಿದೆ.